ಹಾಲು-ರೊಟ್ಟಿಯ ತಾಟು

ನಮ್ಮ ಮನೆಯವರು ತೀರಿಕೊಂಡ ಮೇಲೆ ನಾಯಿ ಊಟ ಬಿಟ್ಟಿತು. ಅದನ್ನು ಮೊದಲು ಕಂಡವಳು ನಾನಲ್ಲ. ಆ ದಿನಗಳಲ್ಲಿ ಮನೆಗೆ ಯಾರು ಬಂದರು, ಯಾರು ಹೋದರು ಎಂಬುದನ್ನೂ ನಾನು ಸರಿಯಾಗಿ ನೋಡುತ್ತಿರಲಿಲ್ಲ. ಪಡಸಾಲೆಯ ಕಂಬಕ್ಕೆ ಒರಗಿ ಕೂತಿರುತ್ತಿದ್ದೆ. ಮಾತಾಡಿಸಲು ಬಂದ ಹೆಂಗಸರು ಪಕ್ಕದಲ್ಲಿ ಕೂತು, ಕೈ ಹಿಡಿದು ಅತ್ತು, ಸೆರಗಿನಿಂದ ಮುಖ ಒರೆಸಿಕೊಂಡು, ಆಮೇಲೆ ತಮ್ಮ ಊರಿನ ಕೊನೆಯ ಬಸ್ಸು ಎಷ್ಟು ಹೊತ್ತಿಗೆ ಎಂದು ಕೇಳುತ್ತಿದ್ದರು. ಹಾಗೆ ಬಂದವಳು ಹಿರೇಹಡಗಲಿಯ ನನ್ನ ಚಿಕ್ಕಮ್ಮ. ಆಕೆ ನಮ್ಮವರ ಮಂಚದ ಕೆಳಗೆ ಬಗ್ಗಿ ನೋಡಿ ಗಟ್ಟಿಯಾಗಿ ಹೇಳಿದಳು:

“ಯವ್ವಾ, ಈ ಮೂಕಪ್ರಾಣಿ ನೋಡ್ರೇ ಇಲ್ಲಿ. ರೊಟ್ಟಿ ಮುಂದ ಇಟ್ರ ಹೊಳ್ಳಿ ಸುದ್ದಾ ನೋಡವಲ್ದು. ಕಣ್ಣಾಗ ನೀರು ಹೆಂಗ ಸುರಿಯಾಕತ್ತಾವು!”

ಕೂತವರೆಲ್ಲ ಬಗ್ಗಿ ನೋಡಿದರು. ನಾನೂ ನೋಡಿದೆ. ಗೋಡೆಗೆ ಬೆನ್ನು ಕೊಟ್ಟು, ಮೂತಿಯನ್ನು ಮುಂಗಾಲಿನ ಮೇಲೆ ಇಟ್ಟುಕೊಂಡು ಅದು ಮಲಗಿತ್ತು. ಕಣ್ಣಿನಿಂದ ಕೆನ್ನೆಯವರೆಗೆ ಒದ್ದೆಯ ಗೆರೆಯೊಂದು ಇಳಿದಿತ್ತು. ಮುಂದೆ ಇಟ್ಟ ಖಡಕ್ ರೊಟ್ಟಿ ಮುರಿಯದೆ ಹಾಗೆಯೇ ಇತ್ತು. ಹೆಂಗಸರೆಲ್ಲ ಮತ್ತೊಮ್ಮೆ ಅತ್ತರು. ಈ ಸಲ ನಾಯಿಗಾಗಿ.

ಅದು ಕೆಂಪು ಬಣ್ಣದ ಊರ ನಾಯಿ. ಹೆಣ್ಣು. ಬಸ್‌ ಸ್ಟ್ಯಾಂಡಿನ ಹತ್ತಿರ ನಮ್ಮವರದು ಹಗ್ಗದ ಅಂಗಡಿ. ಎತ್ತಿನ ಮೂಗುದಾರ, ಕಣ್ಣಿ, ಗೆಜ್ಜೆಸರ, ಬಾವಿ ಹಗ್ಗ, ಈಗೀಗ ನೈಲಾನ್ ಹಗ್ಗ. ಹಗ್ಗ ಕೊಳ್ಳಲು ಬಂದ ಕುರಿಗಾರನೊಬ್ಬನ ಹಿಂದೆ ಮರಿಯಾಗಿದ್ದಾಗ ಬಂದಿತ್ತು. ಅವನು ಹೋದ, ಇದು ಅಂಗಡಿಯ ಮೆಟ್ಟಿಲ ಮೇಲೆ ಉಳಿಯಿತು. ಅದಕ್ಕೆ ಹೆಸರು ಇಡಲಿಲ್ಲ. ಅವರು “ಬಾರಬೇ” ಎಂದರೆ ಬರುತ್ತಿತ್ತು. ಬೇರೆ ಯಾರು ಹಾಗೆ ಕರೆದರೂ ಕಿವಿ ಎತ್ತಿ, ಕರೆದವರ ಹಿಂದೆ ಅವರಿದ್ದಾರೆಯೇ ಎಂದು ನೋಡುತ್ತಿತ್ತು.

ನಾಯಿ ಅವರದು, ಒಲೆ ನನ್ನದು. ಅದರ ಮೈಯಲ್ಲಿನ ಉಣ್ಣಿ ಕೀಳುವುದು, ವರ್ಷಕ್ಕೊಮ್ಮೆ ದನದ ದವಾಖಾನೆಗೆ ಕರೆದುಕೊಂಡು ಹೋಗಿ ಹುಚ್ಚಿನ ಸೂಜಿ ಹಾಕಿಸುವುದು, ಜಂತಿನ ಗುಳಿಗೆಯನ್ನು ಬೆಲ್ಲದಲ್ಲಿ ಅಡಗಿಸಿ ನುಂಗಿಸುವುದು, ಎಲ್ಲ ಅವರೇ. ಓಣಿಯ ಮಕ್ಕಳು ಬಿಸ್ಕೀಟು ಎಸೆದರೆ ಅಂಗಡಿಯಿಂದಲೇ ಕೂಗುತ್ತಿದ್ದರು: “ಏ, ಅದನ್ನ ನೀವ ತಿನ್ರೋ! ಸಿಹಿ ಹಾಕಿ ಅದರ ಹಲ್ಲು ಕೆಡಸ್ತೀರೇನು?” ಒಗ್ಗರಣೆ ಮಂಡಕ್ಕಿ ತಿನ್ನುವಾಗ ಅದು ಆಸೆಯಿಂದ ನೋಡಿದರೆ ಕೊಡುತ್ತಿರಲಿಲ್ಲ. ಉಳ್ಳಾಗಡ್ಡಿ ನಾಯಿಗೆ ವಿಷ ಎಂದು ಯಾರೋ ಡಾಕ್ಟರು ಹೇಳಿದ್ದರಂತೆ. ನಾನು ಅದನ್ನು ಮುಟ್ಟುತ್ತಲೂ ಇರಲಿಲ್ಲ. ಲಿಂಗಪೂಜೆಯ ಮನೆ, ಒಳಗೆ ಬರುತ್ತದಲ್ಲ ಎಂದು ಮೊದಲೆಲ್ಲ ಸಿಡುಕುತ್ತಿದ್ದೆ, ಆಮೇಲೆ ಬಿಟ್ಟೆ. ಬೆಳಿಗ್ಗೆ ರೊಟ್ಟಿ ಬಡಿದ ಮೇಲೆ ಒಂದನ್ನು ಹಿತ್ತಲ ನುಗ್ಗೆ ಗಿಡದ ಬುಡದಲ್ಲಿದ್ದ ಮಣ್ಣಿನ ಪರಿಯಾಣಕ್ಕೆ ಹಾಕಿ ಬರುವುದು, ಅಷ್ಟೇ ನನ್ನ ಕೆಲಸ. ಮಧ್ಯಾಹ್ನ ನೋಡಿದರೆ ಪರಿಯಾಣ ಖಾಲಿ ಇರುತ್ತಿತ್ತು.

ಸಾವಾದ ಮನೆಯಲ್ಲಿ ಕೆಲವು ದಿನ ಒಲೆ ಹಚ್ಚುವುದಿಲ್ಲ. ನಮ್ಮ ಕಡೆ ಮಾತಾಡಿಸಲು ಬರುವವರು ಬರಿಗೈಯಲ್ಲೂ ಬರುವುದಿಲ್ಲ. ಬಿಳಿ ಬಟ್ಟೆಯಲ್ಲಿ ಕಟ್ಟಿದ ಖಡಕ್ ರೊಟ್ಟಿ, ಶೇಂಗಾ ಚಟ್ನಿಪುಡಿ, ಗುರೆಳ್ಳು ಪುಡಿ. ತಿಂಗಳು ಇಟ್ಟರೂ ಕೆಡದ ಬುತ್ತಿ. ಹಿರೇಹಡಗಲಿಯಿಂದ ಬಂತು, ಹೊಳಲಿನಿಂದ ಬಂತು, ಹಗರಿಬೊಮ್ಮನಹಳ್ಳಿಯಿಂದ ಮಗಳ ಅತ್ತೆ ಮನೆಯವರು ತಂದರು. ಅಡುಗೆ ಮನೆಯ ಮೂಲೆಯಲ್ಲಿ ರೊಟ್ಟಿಯ ಸಾಲುಗಳು ನನ್ನ ಸೊಂಟದವರೆಗೆ ಏರಿದವು. ಬಂದವರೆಲ್ಲ ಅದೇ ರೊಟ್ಟಿ ತಿಂದರು, ನಾಯಿಗೂ ಅದನ್ನೇ ಹಾಕಿದರು. ಅದು ಒಮ್ಮೆ ಬಾಯಿಗೆ ತೆಗೆದುಕೊಂಡು, ಟಕ್ ಎಂದು ಸಪ್ಪಳವಾದೊಡನೆ ಕೆಳಗೆ ಬಿಡುತ್ತಿತ್ತು. “ನೋಡ್ರಿ, ಅವರು ಕೊಟ್ಟಿದ್ದಲ್ಲಂತ ಉಗುಳತೈತಿ” ಎಂದರು. ಮಗಳು ಕೆನ್ನೆ ಸವರಲು ಹೋದಾಗ ಅದು ಗುರ್ ಎಂದು ಹಲ್ಲು ತೋರಿಸಿ ಕೈಗೆ ಬಾಯಿ ಹಾಕಿತು. ಅವಳು ಹೆದರಿ ಕೈ ಎಳೆದುಕೊಂಡಳು. “ಅಪ್ಪಾಜಿ ಕೈ ಬಿಟ್ರ ಬ್ಯಾರೆ ಕೈ ಬ್ಯಾಡಂತೈತಿ ಅವ್ವಾ” ಎಂದು ಅತ್ತಳು. ಮರಿಯಾಗಿದ್ದಾಗಿನಿಂದ ಅವಳ ಮಡಿಲಲ್ಲಿ ಮಲಗುತ್ತಿದ್ದ ನಾಯಿ ಅದು.

ಓಣಿಯಲ್ಲಿ ಸುದ್ದಿ ಹಬ್ಬಿತು. ಯಜಮಾನ ಹೋದ ಮೇಲೆ ನಾಯಿ ಉಪವಾಸ ಕೂತಿದೆ ಎಂದು ಅದನ್ನು ನೋಡಲೆಂದೇ ಜನ ಬಂದರು. ಪಕ್ಕದ ಮನೆಯ ಮುದುಕಿ ಅದರ ಮುಂದೆ ಕೈ ಮುಗಿದು, ಮಂಚದ ಕಾಲಿಗೆ ಹಣೆ ಹಚ್ಚಿದಳು. ತೆಲಿಗಿಯಿಂದ ಬಂದ ಒಬ್ಬರು, “ಮನುಷ್ಯಾರು ಮೂರನೇ ದಿನಕ್ಕ ಉಣ್ತಾರ, ಇದು ನೋಡ್ರಿ” ಎಂದು ನನ್ನ ಮುಖ ನೋಡಿದರು. ನನಗೆ ಬೇಸರವಾಗಲಿಲ್ಲ. ನಿಜ ಹೇಳಬೇಕೆಂದರೆ, ಆ ನಾಯಿಯಿಂದ ನನಗೆ ಒಂದು ಆಸರೆ ಸಿಕ್ಕಿತ್ತು. ನನ್ನ ಗಂಟಲಲ್ಲಿಯೂ ತುತ್ತು ಇಳಿಯುತ್ತಿರಲಿಲ್ಲ. ಎಲ್ಲರೂ ಮಾತಾಡಿ, ಬಸ್ಸು ಹಿಡಿದು ಹೋದ ಮೇಲೆ ಮನೆಯಲ್ಲಿ ಉಳಿಯುವವರು ನಾವಿಬ್ಬರೇ. ನಾನು ಕಂಬದ ಹತ್ತಿರ, ಅದು ಮಂಚದ ಕೆಳಗೆ. ಅದು ಉಣ್ಣದೆ ಇರುವುದು ನನಗೆ ಅರ್ಥವಾಗುವ ಒಂದೇ ವಿಷಯವಾಗಿತ್ತು.

ಅವರ ಹೆಸರಿನ ಗಣಾರಾಧನೆ ಮುಗಿದ ಮೇಲೆ ಹರಪನಹಳ್ಳಿಯಿಂದ ನಮ್ಮವರ ಅಕ್ಕ ಬಂದು ಉಳಿದರು. ಅವರಿಗಿಂತ ಹತ್ತು ವರ್ಷ ದೊಡ್ಡವರು. ಹಲ್ಲು ಬಿದ್ದಿವೆ, ಮಾತು ಮಾತ್ರ ಬಿದ್ದಿಲ್ಲ. ತಮ್ಮನ ಮಣ್ಣಿಗೆ ಬಂದಾಗ ಎಲ್ಲರಿಗಿಂತ ಹೆಚ್ಚು ಅತ್ತವರೂ ಅವರೇ, ಗುಂಡಿ ಸೊಟ್ಟಗೆ ತೋಡಿದ್ದಾರೆಂದು ಬೈದವರೂ ಅವರೇ. ನಾಯಿಯ ಕತೆಯನ್ನು ನಾಲ್ಕು ಮಂದಿ ಅವರಿಗೆ ಹೇಳಿದರು. ಅವರು ಗೋಡೆ ಹಿಡಿದು ಕೂತು, ಮಂಚದ ಕೆಳಗೆ ಬಹಳ ಹೊತ್ತು ನೋಡಿದರು. ಆಮೇಲೆ ನನ್ನನ್ನು ಕರೆದರು.

“ಏನವ್ವಾ ಇದು, ಒಂದೇ ಕಣ್ಣಾಗೆ ಅಳ್ತೈತೆ? ಇನ್ನೊಂದು ಕಣ್ಣಿಗೆ ನನ್ನ ತಮ್ಮ ಏನ್ ಅನ್ಯಾಯ ಮಾಡಿದ್ದ?”

“ಏನ್ ಅಂತೀರಿ ಅಕ್ಕಾ.”

“ಬಂದು ನೋಡು. ಎಡಗಣ್ಣಾಗೆ ಹೊಳೆ ಹರಿದಂಗೆ ಹರೀತೈತೆ. ಬಲಗಣ್ಣು ಒಣ ಒಣ. ಒಂದೇ ಕಣ್ಣಾಗೆ ಅಳೋದು ನಮ್ಮ ಚಿಕ್ಕ ಸೊಸೆ ಒಬ್ಬಾಕೆ ಅನ್ಕೊಂಡಿದ್ದೆ.”

ಅಷ್ಟು ದಿನಗಳಲ್ಲಿ ಮೊದಲ ಸಲ ನನಗೆ ನಗು ಬಂತು. ನಗುತ್ತಲೇ ನೆಲದ ಮೇಲೆ ಮಲಗಿ ಮಂಚದ ಕೆಳಗೆ ನೋಡಿದೆ. ಎಡಗಣ್ಣಿನ ಕೆಳಗೆ ಅಡಕೆ ಗಾತ್ರದ ಬಾವು ಇತ್ತು. ಅಲ್ಲಿಯ ಕೂದಲು ಅಂಟಂಟಾಗಿ ಮುದ್ದೆಯಾಗಿತ್ತು. ನೊಣಗಳು ಕೂರುತ್ತಿದ್ದವು. ಅದರ ಬಾಯಿಂದ ಕೆಟ್ಟ ವಾಸನೆ ಬರುತ್ತಿತ್ತು. ಪಕ್ಕೆಲುಬುಗಳನ್ನು ದೂರದಿಂದಲೇ ಎಣಿಸಬಹುದಿತ್ತು. ಇಷ್ಟು ಜನ ಬಗ್ಗಿ ನೋಡಿ ಹೋಗಿದ್ದರು. ಕಣ್ಣೀರು ಎಂದು ಒಬ್ಬರು ಹೇಳಿದ ಮೇಲೆ ಎಲ್ಲರೂ ಕಣ್ಣೀರನ್ನೇ ನೋಡಿದ್ದೆವು.

ನಮ್ಮವರ ಹಳೆಯ ಕಂಬಳಿಯಲ್ಲಿ ಸುತ್ತಿ, ಆಟೋದಲ್ಲಿ ಹಾಕಿಕೊಂಡು ನಾನೂ ಅಕ್ಕನೂ ದನದ ದವಾಖಾನೆಗೆ ಹೋದೆವು. ಅಂಗಳದ ತುಂಬ ಕುರಿಗಳು, ಹೊಟ್ಟೆಯುಬ್ಬರದ ಒಂದು ಎಮ್ಮೆ. ನಮ್ಮ ಪಾಳಿ ಬಂದಾಗ ಡಾಕ್ಟರು ಕೈ ತೊಳೆದು ಬಂದು ಕೇಳಿದರು:

“ಯಾವಾಗಿಂದ ತಿಂತಿಲ್ಲ?”

“ಅವರು ಹೋದಾಗಿಂದ್ರಿ.”

“ಅವರು ಅಂದ್ರೆ?”

ನಾನು ಕಂಬಳಿ ಬಿಚ್ಚತೊಡಗಿದೆ. ಅಕ್ಕ ಹೇಳಿದರು. ಡಾಕ್ಟರು ನಾಯಿಯ ಮೂತಿಗೆ ಬಟ್ಟೆಯ ಪಟ್ಟಿ ಕಟ್ಟಿಸಿ, ಕಣ್ಣಿನ ಕೆಳಗೆ ಹೆಬ್ಬೆರಳಿನಿಂದ ಮೆಲ್ಲಗೆ ಒತ್ತಿದರು. ಅದು ಮನುಷ್ಯರು ಕಿರುಚುವ ಹಾಗೆ ಕಿರುಚಿತು. ಪಟ್ಟಿಯನ್ನು ಸಡಿಲಿಸಿ, ತುಟಿ ಎತ್ತಿ ಟಾರ್ಚ್ ಬಿಟ್ಟು ತೋರಿಸಿದರು. ಮೇಲಿನ ಸಾಲಿನ ದೊಡ್ಡ ದವಡೆ ಹಲ್ಲು ಉದ್ದಕ್ಕೆ ಸೀಳಿತ್ತು. ಒಸಡು ಕಪ್ಪಾಗಿತ್ತು.

“ಈ ಹಲ್ಲಿನ ಬೇರು ಕಣ್ಣಿನ ಕೆಳಗೇ ಬರುತ್ತಮ್ಮ. ಬೇರಲ್ಲಿ ಕೀವಾದ್ರೆ ಇಲ್ಲಿ ಊದುತ್ತೆ, ಕಣ್ಣಲ್ಲಿ ನೀರು ಸೋರುತ್ತೆ. ಮುಖ ಮುಟ್ಟಿದ್ರೆ ಕಚ್ಚೋಕೆ ಬಂದಿರ್ಬೇಕಲ್ಲ?”

“ಹೌದ್ರಿ. ಮಗಳಿಗೆ ಬಂತು.”

“ನೋವಿಗೆ. ಏನು ಹಾಕ್ತಿದ್ರಿ ತಿನ್ನೋಕೆ?”

“ಖಡಕ್ ರೊಟ್ಟಿ.”

ಅವರು ನನ್ನನ್ನು ನೋಡಿದರು. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

“ಹಸಿವೆ ಇದೆ ಅದಕ್ಕೆ. ತಿನ್ನೋಕೆ ಆಗ್ತಿಲ್ಲ” ಎಂದರು. ಆಮೇಲೆ ಹಲ್ಲನ್ನು ಇನ್ನೊಮ್ಮೆ ನೋಡಿ ಹುಬ್ಬು ಗಂಟಿಕ್ಕಿದರು. “ಆದ್ರೆ ಈ ಹಲ್ಲು ಈಗ ಕೆಟ್ಟಿದ್ದಲ್ಲಮ್ಮ. ಈಗ ಗಟ್ಟಿ ರೊಟ್ಟಿ ಕಚ್ಚಿ ಹೆಚ್ಚಾಗಿದೆ, ಅಷ್ಟೇ. ಎಷ್ಟೋ ತಿಂಗಳಿಂದ ಇದು ಬಿಸಿ ರೊಟ್ಟಿನೂ ಅಗಿದಿರಲಿಕ್ಕಿಲ್ಲ. ಅಲ್ಲಿವರೆಗೆ ಏನು ತಿಂದು ಇಷ್ಟು ಚೆನ್ನಾಗಿತ್ತು?”

ದಿನಾ ರೊಟ್ಟಿ ಹಾಕುತ್ತಿದ್ದೆ, ತಿನ್ನುತ್ತಿತ್ತು ಎಂದೆ. ಅವರು ತಲೆ ಅಲ್ಲಾಡಿಸಿದರು. ನಂಬಿದ ಹಾಗೆ ಕಾಣಲಿಲ್ಲ.

ಸೂಜಿ ಹಾಕಿದರು, ಗುಳಿಗೆ ಬರೆದರು. ಹಲ್ಲು ಕೀಳಲೇಬೇಕು, ಆದರೆ ಅದಕ್ಕೆ ಅರಿವಳಿಕೆ ಕೊಡಬೇಕು, ಇಲ್ಲಿ ಆಗುವುದಿಲ್ಲ, ದಾವಣಗೆರೆಗೆ ಒಯ್ಯಬೇಕು ಎಂದರು. ಎದೆಗೆ ಸ್ಟೆತಸ್ಕೋಪ್ ಹಚ್ಚಿ ಬಹಳ ಹೊತ್ತು ಕೇಳಿದರು. ವಯಸ್ಸಾಗಿದೆ, ಎದೆಯ ಬಡಿತವೂ ಸರಿಯಿಲ್ಲ, ಇಷ್ಟು ಬಡಕಲಾಗಿರುವಾಗ ಅರಿವಳಿಕೆ ತಡೆಯುವುದಿಲ್ಲ. ಮೊದಲು ಮೈ ಹಿಡಿಯಬೇಕು. ಅಗಿಯುವ ಕೆಲಸವಿಲ್ಲದ ಊಟ, ಸ್ವಲ್ಪ ಸ್ವಲ್ಪವಾಗಿ, ನಾಲ್ಕಾರು ಸಲ. ಎಣ್ಣೆ ಬೇಡ, ಖಾರ ಬೇಡ, ಸಿಹಿ ಬೇಡ. ಬೇಯಿಸಿದ ಮೊಟ್ಟೆ ಕೊಟ್ಟರೆ ಬೇಗ ಚೇತರಿಸುತ್ತದೆ ಎಂದವರು ಅಕ್ಕನ ಹಣೆಯ ವಿಭೂತಿ ನೋಡಿ, “ಆಗಲ್ಲ ಅಂದ್ರೆ ಹೆಸರುಬೇಳೆ-ಅನ್ನ ಮೆತ್ತಗೆ ಬೇಯಿಸಿ ಮೊಸರು ಕಲಸಿ ಕೊಡಿ” ಎಂದರು. ಕೊನೆಗೆ ಹೇಳಿದರು: “ಎರಡು ದಿನದಲ್ಲಿ ತಾನಾಗೇ ತಿನ್ನೋಕೆ ಶುರು ಮಾಡ್ಬೇಕಮ್ಮ. ಇಲ್ಲಾಂದ್ರೆ ನಾನು ಹಾಕೋ ಸೂಜಿಯಿಂದ ಏನೂ ಆಗಲ್ಲ.”

ಆಟೋದಲ್ಲಿ ಬರುವಾಗ ಕಂಬಳಿಯ ಗಂಟು ನನ್ನ ತೊಡೆಯ ಮೇಲಿತ್ತು. ಅದು ಬದುಕಬೇಕು ಎಂದು ಶಿವನನ್ನು ಬೇಡಿಕೊಳ್ಳುತ್ತಿದ್ದೆ. ಅದರ ಜೊತೆಗೇ ಇನ್ನೊಂದು ಸಂಕಟವೂ ಇತ್ತು. ಅದು ಅವರಿಗಾಗಿ ಅಳುತ್ತಿರಲಿಲ್ಲ. ಅದಕ್ಕೆ ಹಲ್ಲು ನೋವು. ಇಷ್ಟು ದಿನ ಜೊತೆಗೆ ಕೂತವರು ಯಾರೋ ಎದ್ದು ಹೋದ ಹಾಗೆ ಆಯಿತು.

ಮನೆಯಲ್ಲಿ ಒಲೆ ಹಚ್ಚಿದೆ. ಹೆಸರುಬೇಳೆ-ಅನ್ನ ಮಾಡಿ, ಆರಿಸಿ, ಮೊಸರು ಕಲಸಿ ಇಟ್ಟೆ. ಅದು ಮೂಸಿ ಮುಖ ತಿರುಗಿಸಿತು. ಕುಂಬಳಕಾಯಿ ಬೇಯಿಸಿ ಹಿಸುಕಿ ಇಟ್ಟೆ. ನೋಡಲಿಲ್ಲ. ಮಜ್ಜಿಗೆ ಹಾಕಿದ ಜೋಳದ ನುಚ್ಚನ್ನು ಬೆರಳಿನಿಂದ ತುಟಿಗೆ ಸವರಿದರೆ ನೆಕ್ಕಿ, ಮತ್ತೆ ಬಾಯಿ ಮುಚ್ಚಿತು. ಹಿರೇಹಡಗಲಿಯ ಚಿಕ್ಕಮ್ಮ ಫೋನಿನಲ್ಲಿ ಹೇಳಿದಳು: “ಡಾಕ್ಟರಿಗೇನ್ ಗೊತ್ತಬೇ ಅದರ ಮನಸ್ಸು? ಹೋಗೂದು ಅದರ ಇಚ್ಛಾ ಐತಿ, ಯಾಕ ತಡೀತಿ?” ನಾನು ಫೋನು ಇಟ್ಟೆ. ನಮ್ಮವರು ಹೋಗುವ ವಾರದಲ್ಲಿ ದಾವಣಗೆರೆಯ ಆಸ್ಪತ್ರೆಯವರೂ ಬೇರೆ ಮಾತಿನಲ್ಲಿ ಅದನ್ನೇ ಹೇಳಿದ್ದರು.

ಮರುದಿನ ಬೆಳಿಗ್ಗೆ ಡಾಕ್ಟರ ಪ್ರಶ್ನೆ ಮತ್ತೆ ನೆನಪಾಯಿತು. ಇಷ್ಟು ತಿಂಗಳು ಏನು ತಿಂದಿತ್ತು? ಹಿತ್ತಲ ಪರಿಯಾಣಕ್ಕೆ ಒಂದು ರೊಟ್ಟಿ ಹಾಕಿ, ಬಚ್ಚಲ ಬಾಗಿಲಲ್ಲಿ ನಿಂತು ನೋಡಿದೆ. ಸ್ವಲ್ಪ ಹೊತ್ತಿಗೆ ಬಿದ್ದ ಗೋಡೆಯ ಸಂದಿನಿಂದ ಪಕ್ಕದ ಮನೆಯ ಆಡು ಬಂತು. ಮನೆಯೊಡತಿಯ ಹಾಗೆ ನಿಧಾನವಾಗಿ ನಡೆದು ಬಂದು, ರೊಟ್ಟಿಯನ್ನು ಪೂರ್ತಿ ತಿಂದು, ಪರಿಯಾಣವನ್ನೂ ನೆಕ್ಕಿ ಹೋಯಿತು. ಅದಕ್ಕೆ ನನ್ನ ಭಯವೂ ಇರಲಿಲ್ಲ. ಬಹಳ ದಿನದ ರೂಢಿ ಎಂದು ನೋಡಿದರೇ ತಿಳಿಯುತ್ತಿತ್ತು.

ಹಾಗಾದರೆ ನಾಯಿ ಏನು ತಿನ್ನುತ್ತಿತ್ತು? ಎಷ್ಟು ಯೋಚಿಸಿದರೂ ಹೊಳೆಯಲಿಲ್ಲ.

ಮಧ್ಯಾಹ್ನ ಅಕ್ಕ ತಮಗಾಗಿ ಹಾಲು ಕಾಯಿಸಿಕೊಂಡರು. ಹಲ್ಲಿಲ್ಲದ ಅವರಿಗೂ ಆ ರೊಟ್ಟಿಯ ರಾಶಿ ಶತ್ರುವೇ. ತಾಟಿನಲ್ಲಿ ಖಡಕ್ ರೊಟ್ಟಿಯನ್ನು ಪುಡಿಪುಡಿಯಾಗಿ ಮುರಿದು, ಬಿಸಿ ಹಾಲು ಸುರಿದು, ಮೇಲೆ ಇನ್ನೊಂದು ತಾಟು ಮುಚ್ಚಿ ಮಂಚದ ಮೇಲೆ ಕೂತರು. ಸ್ವಲ್ಪ ಹೊತ್ತಾದ ಮೇಲೆ ಮುಚ್ಚಿದ ತಾಟು ತೆಗೆದರು. ನೆನೆದ ಜೋಳ ಮತ್ತು ಹಾಲಿನ ವಾಸನೆ ಪಡಸಾಲೆಗೆ ಹರಡಿತು.

ಮಂಚದ ಕೆಳಗೆ ಉಗುರಿನ ಸಪ್ಪಳವಾಯಿತು. ನಾಯಿ ತೆವಳಿಕೊಂಡು ಹೊರಗೆ ಬಂತು. ಕಾಲು ನಡುಗುತ್ತಿದ್ದವು. ಅಕ್ಕನ ಕಡೆ ಹೋಗದೆ, ಮಂಚದ ತಲೆದೆಸೆಗೆ ಹೋಗಿ, ನಮ್ಮವರು ದಿಂಬು ಇಡುತ್ತಿದ್ದ ಕಡೆ ಗದ್ದವನ್ನು ಪಟ್ಟಿಯ ಮೇಲೆ ಇಟ್ಟು ನಿಂತಿತು. ತಲೆಯನ್ನು ಬಲಕ್ಕೆ ವಾಲಿಸಿತ್ತು. ನೋವಿಲ್ಲದ ಬದಿ ಅದು.

“ಏ ಏ ಏ! ನನ್ನ ತಾಟಿಗೇ ಬಂತಲ್ಲವ್ವಾ ಇದು!” ಎಂದು ಅಕ್ಕ ತಾಟನ್ನು ಎದೆಗೆ ಅವುಚಿಕೊಂಡರು.

“ಕೊಡ್ರಿ ಅಕ್ಕಾ.”

“ನಾನೇನು ಉಣ್ಣಲಿ?”

“ಕೊಡ್ರಿ.”

ತಾಟು ತೆಗೆದುಕೊಂಡು, ರೊಟ್ಟಿಯನ್ನು ಕೈಯಲ್ಲಿ ಹಿಸುಕಿ, ನಮ್ಮವರು ಮಲಗುತ್ತಿದ್ದ ಜಾಗದಲ್ಲಿ ಕೂತೆ. ಅಂಗೈಯಲ್ಲಿ ಒಂದು ಮುದ್ದೆ ಇಟ್ಟುಕೊಂಡು ಕೈಯನ್ನು ಮಂಚದಿಂದ ಕೆಳಗೆ ಇಳಿಬಿಟ್ಟೆ. ಅದು ನನ್ನ ಮುಖ ನೋಡಲಿಲ್ಲ. ಕೈ ಎಲ್ಲಿ ಬರುತ್ತದೆಂದು ಅದಕ್ಕೆ ಗೊತ್ತಿತ್ತು. ಬಲಬದಿಯ ನಾಲಿಗೆಯಿಂದ ಮೆಲ್ಲಗೆ ಎತ್ತಿಕೊಂಡು ನುಂಗಿತು. ಅಂಗೈ ನೆಕ್ಕಿ ಕಾಯಿತು. ಇನ್ನೊಂದು ಮುದ್ದೆ ಕೊಟ್ಟೆ. ಮತ್ತೊಂದು. ಮುದ್ದೆಗಳು ಮುಗಿದ ಮೇಲೆ, ತಾಟನ್ನು ಕೆಳಗಿಡುವುದನ್ನೇ ಕಾಯುವ ಹಾಗೆ ಒಂದು ಹೆಜ್ಜೆ ಹಿಂದೆ ಸರಿದು ಕೂತಿತು. ಇಟ್ಟೆ. ಅಂಚಿನಿಂದ ಅಂಚಿಗೆ ನೆಕ್ಕಿತು.

ಅಕ್ಕ “ಉಂಡಿತು ನೋಡವ್ವಾ, ಉಂಡಿತು!” ಎಂದು ಚಪ್ಪಾಳೆ ಹೊಡೆಯುತ್ತಿದ್ದರು. ನಾನು ತಾಟು ನೋಡುತ್ತಿದ್ದೆ.

ಆ ತಾಟು ನನಗೆ ಗೊತ್ತಿತ್ತು.

ಕಾಯಿಲೆಯಾದ ಮೇಲೆ ನಮ್ಮವರಿಗೆ ಗಟ್ಟಿ ಊಟ ಸೇರುತ್ತಿರಲಿಲ್ಲ. ಹೊಟ್ಟೆಯ ಕಾಯಿಲೆ. ಬಿಸಿ ರೊಟ್ಟಿಯನ್ನು ಚೂರು ಮಾಡಿ, ಹಾಲು ಹಾಕಿ, ಮುಚ್ಚಿಟ್ಟು, ಬೆಣ್ಣೆಯ ಹಾಗೆ ಹಿಸುಕಿ ದಿನಕ್ಕೆ ಮೂರು ಸಲ ಕೊಡುತ್ತಿದ್ದೆ. ಅವರು ಮಂಚದ ಮೇಲೆ ಕೂತು ಉಣ್ಣುತ್ತಿದ್ದರು. ನಾನು ಎದುರಿಗೆ ಕೂತರೆ, “ನೀ ಹಿಂಗ ಕಾವಲು ಕುಂತ್ರ ತುತ್ತು ಇಳಿಯಂಗಿಲ್ಲ. ಹೋಗು, ನಿನ್ನ ಕೆಲಸ ನೋಡು” ಎನ್ನುತ್ತಿದ್ದರು. ನಾನು ಒಳಗೆ ಹೋಗುತ್ತಿದ್ದೆ. ತಿರುಗಿ ಬರುವಷ್ಟರಲ್ಲಿ ತಾಟು ಖಾಲಿ. “ಛಲೋ ಆಗಿತ್ತು. ಖಾಲಿ ಮಾಡೀನಿ ನೋಡು” ಎಂದು ತಾಟನ್ನು ಎತ್ತಿ ತೋರಿಸುತ್ತಿದ್ದರು.

ಮನುಷ್ಯರು ಬೆರಳಿನಿಂದ ಬಳಿದು ಉಂಡ ತಾಟಿನಲ್ಲಿ ಬೆರಳಿನ ಗೆರೆಗಳು ಉಳಿಯುತ್ತವೆ. ಹಾಲು ಒಣಗಿದ ಮೇಲೆ ಆ ಗೆರೆಗಳು ಬೆಳ್ಳಗೆ ಕಾಣುತ್ತವೆ. ಅವರ ತಾಟಿನಲ್ಲಿ ಗೆರೆ ಇರುತ್ತಿರಲಿಲ್ಲ. ತೊಳೆದಿಟ್ಟ ಹಾಗೆ ಇರುತ್ತಿತ್ತು. ಎಷ್ಟು ಅಚ್ಚುಕಟ್ಟಾಗಿ ಉಂಡಿದ್ದಾರೆ ಎಂದು ನಾನು ಸಂತೋಷಪಡುತ್ತಿದ್ದೆ. ಇನ್ನಷ್ಟು ಹಾಲು, ಇನ್ನೊಂದು ರೊಟ್ಟಿ ಹೆಚ್ಚು ಹಾಕುತ್ತಿದ್ದೆ. ಅದೂ ಖಾಲಿಯಾಗುತ್ತಿತ್ತು. ದಾವಣಗೆರೆಯ ಡಾಕ್ಟರು ತೂಕದ ಯಂತ್ರ ನೋಡಿ “ಊಟ ಹೇಗಿದೆ?” ಎಂದು ಕೇಳಿದಾಗಲೆಲ್ಲ ನಾನೇ ಮುಂದೆ ಬಿದ್ದು, “ಊಟಕ್ಕೇನೂ ತೊಂದರಿ ಇಲ್ರಿ, ತಾಟು ಖಾಲಿ ಮಾಡ್ತಾರ” ಎನ್ನುತ್ತಿದ್ದೆ. ಡಾಕ್ಟರು ಅವರ ಮುಖ ನೋಡುತ್ತಿದ್ದರು. ಅವರು ಗೋಡೆ ನೋಡುತ್ತಿದ್ದರು.

ನಾಯಿಯನ್ನು ತಿಂಗಳುಗಟ್ಟಲೆ ಸಾಕಿದ್ದು ನಾನು ಅವರಿಗೆಂದು ಮಾಡಿದ ಊಟ. ಅವರು ಹೋದ ದಿನದಿಂದ ಹಾಲು-ರೊಟ್ಟಿ ಮಾಡುವುದನ್ನು ನಿಲ್ಲಿಸಿದ್ದೆ. ಮಾಡಿ ಯಾರಿಗೆ ಕೊಡಲಿ ಎಂದು. ನಾಯಿಯ ಊಟ ನಿಂತದ್ದೂ ಅಂದೇ.

ಅಕ್ಕನಿಗೆ ಎಲ್ಲ ಹೇಳಿದೆ. ಅವರು ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಳ್ಳುತ್ತ ಅಂದರು:

“ಅವನು ಸಣ್ಣವನಿದ್ದಾಗ್ಲೂ ಹಿಂಗೇ. ನಮ್ಮವ್ವ ನವಣೆ ಅನ್ನ ಮಾಡಿದ್ರೆ ಅವನಿಗೆ ಸೇರ್ತಿರಲಿಲ್ಲ. ಹಿತ್ತಲಾಗೆ ಹೋಗಿ ಎಮ್ಮೆಗಿಟ್ಟು, ಬಾಯಿ ಒರೆಸ್ಕೊಂತ ಬಂದು, ‘ಅವ್ವಾ, ಹೊಟ್ಟೆ ಬಿರೀತೈತೆ’ ಅಂತಿದ್ದ. ಅವ್ವ ಸಾಯೋ ಮಟ ನನ್ನ ಮಗ ನವಣೆ ಅಂದ್ರೆ ಪ್ರಾಣ ಬಿಡ್ತಾನೆ ಅಂತಲೇ ಹೇಳ್ತಿದ್ಲು.”

“ನೀವು ಹೇಳಲಿಲ್ಲೇನು?”

“ಯಾಕೆ ಹೇಳ್ಲಿ? ಮಾಡಿದಾಕೆಗೆ ಖುಷಿ, ಎಮ್ಮೆಗೆ ಖುಷಿ.” ತಾಟಿನ ಕಡೆ ನೋಡಿ, “ಶಿವ ಶಿವ, ನಾಯಿ ನೆಕ್ಕಿದ ತಾಟಾಗೆ ನಾವೆಲ್ಲ ಉಂಡೀವಲ್ಲೇ!” ಎಂದರು. ಇಬ್ಬರೂ ನಕ್ಕೆವು. ನಗು ಎಲ್ಲಿ ಮುಗಿದು ಅಳು ಎಲ್ಲಿ ಶುರುವಾಯಿತೋ ತಿಳಿಯಲಿಲ್ಲ. ಅವರು ಬಾಯಿಗೆ ಸೆರಗು ಒತ್ತಿಕೊಂಡು, “ಹಸಿದುಕೊಂಡು ಹೋದನಲ್ಲವ್ವಾ” ಎಂದರು.

ಹಸಿವೆಯಾಗಿತ್ತೋ, ಹಸಿವೆಯೇ ಇರಲಿಲ್ಲವೋ, ಉಂಡರೆ ನೋವಾಗುತ್ತಿತ್ತೋ. ಕೇಳಲು ಅವರಿಲ್ಲ. ಗೊತ್ತಿದ್ದದ್ದು ನಾಯಿಗೆ ಮಾತ್ರ.

ಅಂದಿನಿಂದ ಮತ್ತೆ ದಿನವೂ ಅದೇ ಹಾಲು-ರೊಟ್ಟಿಯನ್ನು ನಾಯಿಗೆ ಮಾಡಿ ಕೊಡುತ್ತಿದ್ದೇನೆ. ಮೊದಲ ಕೆಲವು ದಿನ ರೊಟ್ಟಿ ಹಿಸುಕುವಾಗ ಕೈ ನಿಲ್ಲುತ್ತಿತ್ತು. ಡಾಕ್ಟರು ಹಾಲು ಕಡಿಮೆ ಮಾಡಿ ಎಂದರು. ಕೆಲವು ನಾಯಿಗಳಿಗೆ ಅರಗುವುದಿಲ್ಲ, ಭೇದಿಯಾಗುತ್ತದೆ. ಹಾಲಿಗೆ ನೀರು ಬೆರೆಸಿ, ಅದು ಅಭ್ಯಾಸವಾದ ಮೇಲೆ ಸ್ವಲ್ಪ ಬೇಳೆಯ ಕಟ್ಟು, ಸ್ವಲ್ಪ ಮೊಸರು ಸೇರಿಸುತ್ತ ಬಂದೆ. ಗುಳಿಗೆಯನ್ನು ಅರೆದು ಎರಡನೆಯ ಮುದ್ದೆಯಲ್ಲಿ ಇಡುತ್ತೇನೆ. ಮೊದಲನೆಯದರಲ್ಲಿ ಇಟ್ಟರೆ ಅನುಮಾನಪಟ್ಟು ಉಳಿದದ್ದನ್ನೂ ಬಿಡುತ್ತದೆ. ಬಾವು ಇಳಿಯಿತು, ಕಣ್ಣು ಒಣಗಿತು, ಮಗಳು ಬಂದಾಗ ಬಾಲ ಅಲ್ಲಾಡಿಸಿ ತಾನಾಗಿ ಅವಳ ಮಡಿಲಿಗೆ ತಲೆ ಕೊಟ್ಟಿತು. ಅವಳಿಗೆ ತಾಟಿನ ವಿಷಯ ನಾನು ಹೇಳಲಿಲ್ಲ. ನಾಯಿ ನೋಡಲು ಜನ ಬರುವುದೂ ನಿಂತಿತು. ಉಣ್ಣುವ ನಾಯಿಯನ್ನು ನೋಡಲು ಯಾರು ಬರುತ್ತಾರೆ?

ಮೈ ಸ್ವಲ್ಪ ಹಿಡಿದ ಮೇಲೆ ಬಾಡಿಗೆ ಕಾರು ಮಾಡಿಕೊಂಡು ದಾವಣಗೆರೆಗೆ ಹೋದೆವು. ಅಲ್ಲಿಯ ನಾಯಿ ಡಾಕ್ಟರು ಎದೆಯ ಫೋಟೊ ತೆಗೆಸಿದರು, ರಕ್ತ ನೋಡಿದರು. ಹೃದಯ ದೊಡ್ಡದಾಗಿದೆ, ಮೂತ್ರಪಿಂಡವೂ ಸೋತಿದೆ ಎಂದರು. ಹಲ್ಲು ಕೀಳಲು ಮಲಗಿಸಿದರೆ ಏಳುತ್ತದೆ ಎಂದು ಹೇಳಲಾಗುವುದಿಲ್ಲ, ಕೀಳದಿದ್ದರೆ ಕೀವು ಮತ್ತೆ ಮತ್ತೆ ಬರುತ್ತದೆ. “ನೀವೇ ಹೇಳಿ, ಏನು ಮಾಡೋಣ?” ಎಂದು ಕೇಳಿದರು. ಈ ಪ್ರಶ್ನೆಯನ್ನು ಡಾಕ್ಟರುಗಳು ಯಾಕೆ ನಮ್ಮನ್ನು ಕೇಳುತ್ತಾರೋ ನನಗೆ ತಿಳಿಯುವುದಿಲ್ಲ. ಅದೇ ಊರಿನ ಇನ್ನೊಂದು ಆಸ್ಪತ್ರೆಯಲ್ಲಿ ಇದನ್ನೇ ಕೇಳಿದಾಗ ಪಕ್ಕದಲ್ಲಿ ನಮ್ಮವರು ಇದ್ದರು, ನನ್ನ ಕೈ ಒತ್ತಿ, “ಮನಿಗೆ ಹೋಗೂಣು” ಎಂದಿದ್ದರು. ಈ ಸಲ ನಾಯಿ ಮೇಜಿನ ಮೇಲೆ ನಿಂತು ಬಾಗಿಲ ಕಡೆ ನೋಡುತ್ತಿತ್ತು. ಮನೆಗೆ ಕರೆದುಕೊಂಡು ಬಂದೆ.

ಬಾವು ಎರಡು ಸಲ ಬಂದು ಹೋಯಿತು. ಈಗ ಮತ್ತೆ ಬಂದಿದೆ. ಗುಳಿಗೆ ಮೊದಲಿನ ಹಾಗೆ ಹಿಡಿಯುತ್ತಿಲ್ಲ. ಅಕ್ಕ ಹರಪನಹಳ್ಳಿಯಿಂದ ದಿನಾ ಫೋನು ಮಾಡಿ ನನ್ನನ್ನು ಕೇಳುವ ಮೊದಲು ಅದನ್ನೇ ಕೇಳುತ್ತಾರೆ: “ಹೆಂಗೈತೆ ನಮ್ಮ ಒಕ್ಕಣ್ಣಿನ ಗೌಡತಿ?” ಉಂಡಿದೆ ಎನ್ನುತ್ತೇನೆ. ಎಷ್ಟು ಎಂದು ಅವರು ಕೇಳುವುದಿಲ್ಲ, ನಾನೂ ಹೇಳುವುದಿಲ್ಲ.

ಎಷ್ಟು ಎಂಬುದು ನನಗೆ ಗೊತ್ತು. ಈ ಸಲ ನಾನು ಎದ್ದು ಒಳಗೆ ಹೋಗುವುದಿಲ್ಲ. ಅದು ಉಣ್ಣುವವರೆಗೂ ಮಂಚದ ತಲೆದೆಸೆಯಲ್ಲಿ ಕೂತಿರುತ್ತೇನೆ. ತಾಟಿನಲ್ಲಿ ಉಳಿಯುವುದನ್ನು ನೋಡುತ್ತೇನೆ. ಹೋದ ವಾರ ಅಂಚಿಗೆ ಒಂದಿಷ್ಟು ಉಳಿಯುತ್ತಿತ್ತು. ಆಮೇಲೆ ಅರ್ಧ. ನೋಡುವುದರಿಂದ ಕಾಯಿಲೆ ಕಡಿಮೆಯಾಗುವುದಿಲ್ಲ ಎಂದು ತಿಳಿದಿದೆ. ಅವರಿದ್ದಾಗ ಇಷ್ಟನ್ನು ನೋಡಿದ್ದರೂ ಇದೇ ಆಗುತ್ತಿತ್ತೇನೋ. ಅದನ್ನೂ ತಿಳಿಯುವ ದಾರಿಯಿಲ್ಲ.

ಇವತ್ತು ಎರಡು ಮುದ್ದೆ ತಿಂದು, ಮೂರನೆಯದನ್ನು ನನ್ನ ಅಂಗೈಯಲ್ಲಿಯೇ ಬಿಟ್ಟು, ಗದ್ದವನ್ನು ಮಂಚದ ಪಟ್ಟಿಯ ಮೇಲೆ ಇಟ್ಟಿತು. ಮುದ್ದೆಯ ಬಿಸಿ ಇನ್ನೂ ಆರಿರಲಿಲ್ಲ. “ಇನ್ನೊಂದ ತುತ್ತು ತಿನ್ನಬೇ” ಎಂದೆ. ಅದು ಬಾಲವನ್ನು ಒಮ್ಮೆ ನೆಲಕ್ಕೆ ಬಡಿಯಿತು. ಬೇಡ ಎಂದಿರಬೇಕು. ಕೈ ಇಳಿಬಿಟ್ಟುಕೊಂಡೇ ಕೂತಿದ್ದೇನೆ.